ಗುರಿಕಾರನ ಗಡಿಯಾರ

ಕನ್ನಡ ಪಂಡಿತನೊಬ್ಬ ಬಂದೂಕಿನ ವಿಷಯ ಮಾತನಾಡಲು ಹೊರಟನೆಂದರೆ ನಿಮಗೆ ನಗೆ ಬರಬಹುದು. ಲಘು ಗುರು ಎಣಿಸಿಕೊಂಡಿರಬೇಕಾದವನಿಗೆ ಗುಂಡು ಮದ್ದಿನ ಸಹವಾಸ ಏತಕ್ಕೆಂದು ನಮ್ಮ ಮನೆಯಲ್ಲಿಯೂ ಕೇಳಿದ್ದುಂಟು. ಕಾರಣ ಸರಳವಾದುದು. ಯಾದಗಿರಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು ಹಲವು ವರ್ಷ ಆ ಶಾಲೆಯ ಎನ್.ಸಿ.ಸಿ. ಪಡೆಯ ಹೊಣೆಯನ್ನೂ ಹೊತ್ತಿದ್ದೆ. ಬೆಳಗ್ಗೆ ವ್ಯಾಕರಣ, ಸಂಜೆ ಕವಾಯತು. ಶಿಬಿರ ಬಂದಾಗ ಹುಡುಗರನ್ನು.22 ರೈಫಲ್ಲಿನ ಹಿಂದೆ ಮಲಗಿಸಿ ಗುರಿ ಹಿಡಿಸುವ ಕೆಲಸ. ಹೊಣೆ ಇಳಿದರೂ ರುಚಿ ಇಳಿಯಲಿಲ್ಲ. ಈಗ ಊರಿನ ಹಳೆಯ ಹತ್ತಿಯ ಗೋದಾಮೊಂದರಲ್ಲಿ ವಾರಕ್ಕೆ ಮೂರು ಸಂಜೆ ಹತ್ತು ಹನ್ನೆರಡು ಹುಡುಗ ಹುಡುಗಿಯರು ಏರ್ ರೈಫಲ್ ಅಭ್ಯಾಸ ಮಾಡುತ್ತಾರೆ. ನಾನು ಅವರ ಹಿಂದೆ ನಿಂತಿರುತ್ತೇನೆ.

ಈಚೆಗೆ ಶಹಾಪುರ, ಸುರಪುರಗಳ ಕಡೆಯಿಂದಲೂ ಹುಡುಗರ ಹಿರಿಯರು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. "ಸರ, ನಮ್ಮ ಹುಡುಗಗ ಆ ಷಾಟ್ ಟೈಮರ್ ಕೊಡಸಬೇಕಂತರಿ. ಯಾವುದು ಕೊಡಸೂಣು?" ಅವರಲ್ಲಿ ಒಬ್ಬರು, ಸುರಪುರದ ಕಡೆಯ ಹಿರಿಯರು, ಇನ್ನೊಂದು ಮಾತನ್ನೂ ಸೇರಿಸಿದರು: "ನಮ್ಮದು ಬೇಡರ ನೆಲ ಅದರಿ. ಗುರಿ ರಕ್ತದಾಗೇ ಅದ. ವೇಗ ಒಂದು ಬಂದರ ಸಾಕು." ಈ ಎರಡು ಮಾತುಗಳಿಗೂ ಸಾವಧಾನವಾಗಿ ಉತ್ತರ ಹೇಳಬೇಕೆಂದೇ ಈ ಭಾಷಣ.

ಮೊದಲು ಆ ಯಂತ್ರವೆಂದರೆ ಏನೆಂಬುದನ್ನು ನೋಡೋಣ. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪೆಟ್ಟಿಗೆ. ಅದಕ್ಕೆ ಒಂದು ಬಾಯಿ, ಒಂದು ಕಿವಿ. ಗುಂಡಿ ಒತ್ತಿದರೆ ಕೂಡಲೇ, ಅಥವಾ ಎರಡು ಮೂರು ಸೆಕೆಂಡು ತಡೆದು, ಬಾಯಿಯಿಂದ 'ಪೀಂ' ಎಂದು ಕೂಗುತ್ತದೆ. ಆ ಕೂಗಿನಿಂದ ಕಾಲದ ಎಣಿಕೆ ಮೊದಲು. ಬಂದೂಕು ಹಾರಿದಾಗಲೆಲ್ಲ ಅದರ ಕಿವಿ ಆ ಸದ್ದನ್ನು ಹಿಡಿದು ಹೊತ್ತನ್ನು ಬರೆದಿಡುತ್ತದೆ. ಮೊದಲನೆಯ ಗುಂಡು ಎಷ್ಟು ಹೊತ್ತಿಗೆ ಹಾರಿತು, ಒಂದಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಅಂತರ, ಕೊನೆಯದು ಯಾವಾಗ ಎಂಬುದನ್ನೆಲ್ಲ ಸೆಕೆಂಡಿನ ನೂರನೆಯ ಒಂದು ಪಾಲಿನವರೆಗೆ ತೋರಿಸುತ್ತದೆ.

ನಮ್ಮ ಛಂದಸ್ಸಿನವರೂ ಕಾಲವನ್ನು ಅಳೆದವರೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಪ್ಲುತಕ್ಕೆ ಮೂರು. ಆದರೆ ಬರಿಯ ಮಾತ್ರೆ ಎಣಿಸಿದ ಮಾತ್ರಕ್ಕೆ ಪದ್ಯ ಹುಟ್ಟುವುದಿಲ್ಲವೆಂಬುದನ್ನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತೇನೆ. ಲೆಕ್ಕ ಸರಿಯಾಗಿದ್ದು ಅರ್ಥ ತಪ್ಪಿದ ಪದ್ಯಗಳನ್ನು ಹುಡುಗರು ಬೇಕಾದಷ್ಟು ಬರೆದು ತರುತ್ತಾರೆ. ಈ ಯಂತ್ರದ ಗುಣವೂ ಹಾಗೆಯೇ. ಗುಂಡು ಯಾವಾಗ ಹಾರಿತೆಂಬುದನ್ನು ಅದು ಬಲ್ಲದು. ಎಲ್ಲಿಗೆ ಹೋಯಿತೆಂಬುದನ್ನು ಅರಿಯದು. ಮುಂದೆ ಹೇಳುವುದಕ್ಕೆಲ್ಲ ಇದೇ ಮೂಲ.

ಹಾಗಾದರೆ ನಿಮ್ಮ ಹುಡುಗನಿಗೆ ಇದು ಬೇಕೇ? ಅವನು ಆಡುವ ಆಟ ಯಾವುದೆಂಬುದರ ಮೇಲೆ ಅದು ನಿಂತಿದೆ. ನಮ್ಮ ಕಡೆಯ ಮಕ್ಕಳಲ್ಲಿ ಬಹುಮಂದಿ ಕಲಿಯುವುದು ಹತ್ತು ಮೀಟರಿನ ಏರ್ ರೈಫಲ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಆಟ ಇದೇ. ಇದರಲ್ಲಿ ಅರುವತ್ತು ಗುಂಡು. ವಿದ್ಯುನ್ಮಾನ ಗುರಿಹಲಗೆಯಿದ್ದರೆ ಒಟ್ಟು 75 ನಿಮಿಷದ ಅವಕಾಶ. ಭಾಗಿಸಿ ನೋಡಿದರೆ ಗುಂಡೊಂದಕ್ಕೆ 75 ಸೆಕೆಂಡು. ಹತ್ತು ಅಂಕದ ಗುರಿಯೋ, ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಪುಸ್ತಕದ ಅಚ್ಚಿನ ಪೂರ್ಣವಿರಾಮದಷ್ಟು. ಇಂಥ ಆಟಕ್ಕೆ ಗುಂಡಿನ ಸದ್ದು ಎಣಿಸುವ ಯಂತ್ರ ಏತಕ್ಕೆ? ಗೋಡೆಯ ಗಡಿಯಾರವೇ ಸಾಕು.

ಇಪ್ಪತ್ತೈದು ಮೀಟರಿನ ರ್‍ಯಾಪಿಡ್ ಫೈರ್ ಪಿಸ್ತೂಲಿನ ಮಾತು ಬೇರೆ. ಅಲ್ಲಿ ಸಾಲಾಗಿ ಐದು ಗುರಿಗಳು. ಒಂದೊಂದಕ್ಕೆ ಒಂದೊಂದರಂತೆ ಐದು ಗುಂಡು. ಕೈಯನ್ನು ಇಳಿಬಿಟ್ಟು ನಿಂತು, ಹಸುರು ದೀಪ ಹತ್ತಿದೊಡನೆ ಎತ್ತಬೇಕು. ಮೊದಲು ಎಂಟು ಸೆಕೆಂಡಿನ ಸರದಿ, ಬಳಿಕ ಆರು, ಕಡೆಗೆ ನಾಲ್ಕು. ನಾಲ್ಕು ಸೆಕೆಂಡಿನ ಸರದಿಯಲ್ಲಿ ಮೊದಲ ಗುಂಡಿಗೆ 1.6 ಸೆಕೆಂಡು ಹೋಯಿತೆನ್ನಿ. ಉಳಿದ ನಾಲ್ಕಕ್ಕೆ ಸಿಗುವುದು ತಲಾ 0.6 ಸೆಕೆಂಡು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಸೇನೆಯ ವಿಜಯ್ ಕುಮಾರ್ ಬೆಳ್ಳಿ ಗೆದ್ದುದು ಈ ಆಟದಲ್ಲಿ. ಆ ಅಂತಿಮ ಸುತ್ತಿನಲ್ಲಿ 9.7 ಅಂಕಕ್ಕೆ ಕಡಿಮೆಯಿಲ್ಲದ ಪೆಟ್ಟು ಮಾತ್ರ ಲೆಕ್ಕಕ್ಕೆ, ಉಳಿದುದೆಲ್ಲ ಸೊನ್ನೆ. ನಾಲ್ವತ್ತು ಗುಂಡುಗಳಲ್ಲಿ ಅವರ ಮೂವತ್ತು ಲೆಕ್ಕಕ್ಕೆ ಬಂದವು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅವಸರದ ಈ ಆಟದಲ್ಲಿ ಹತ್ತು ಅಂಕದ ವೃತ್ತದ ಅಗಲ ಹತ್ತು ಸೆಂಟಿಮೀಟರು. ವೇಗ ಬೇಡುವ ಕಡೆ ನಿಯಮ ಮಾಡಿದವರೇ ಗುರಿಯನ್ನು ಹಿಗ್ಗಿಸಿಕೊಟ್ಟಿದ್ದಾರೆ. ಅರ್ಧ ಮಿಲಿಮೀಟರಿನ ಚುಕ್ಕೆಗೆ ಹೊಡೆಯುವ ಮಗುವಿನಿಂದ ನಾಲ್ಕು ಸೆಕೆಂಡಿನ ಚುರುಕನ್ನು ಕೇಳುವುದು ನ್ಯಾಯವಲ್ಲ.

ಷಾಟ್ ಟೈಮರ್ ನಿಜವಾಗಿ ಮನೆಮಾಡಿಕೊಂಡಿರುವುದು ಮೂರನೆಯ ಬಗೆಯ ಆಟದಲ್ಲಿ. ಓಡುತ್ತ, ತಿರುಗುತ್ತ, ಮರೆಯಿಂದ ಹೊರಬಂದು ಹಲವು ಗುರಿಗಳಿಗೆ ಹೊಡೆಯುವ ಆಟ ಅದು. ಅದಕ್ಕಾಗಿ ಒಂದು ಅಂತರರಾಷ್ಟ್ರೀಯ ಸಂಸ್ಥೆ 1976ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅಲ್ಲಿ ಪಡೆದ ಅಂಕವನ್ನು ಹಿಡಿದ ಹೊತ್ತಿನಿಂದ ಭಾಗಿಸುತ್ತಾರೆ. ಹತ್ತು ಗುಂಡಿಗೆ ಐವತ್ತು ಅಂಕವನ್ನು ಹತ್ತು ಸೆಕೆಂಡಿನಲ್ಲಿ ಗಳಿಸಿದವನಿಗೆ ಐದು. ನಾಲ್ವತ್ತೈದನ್ನು ಎಂಟು ಸೆಕೆಂಡಿನಲ್ಲಿ ಗಳಿಸಿದವನಿಗೆ 5.6, ಅವನೇ ಮೇಲು. ವೇಗಕ್ಕೆ ಬೆಲೆಯುಂಟೆಂದಾಯಿತು. ಆದರೆ ಏಳೇ ಸೆಕೆಂಡಿನಲ್ಲಿ ಮುಗಿಸಿ ಎರಡು ಗುಂಡು ಗುರಿ ತಪ್ಪಿದವನ ಲೆಕ್ಕ ನೋಡಿ. ಎಂಟು ಗುಂಡಿಗೆ ನಾಲ್ವತ್ತು, ತಪ್ಪಿದ ಒಂದೊಂದಕ್ಕೆ ಹತ್ತರಂತೆ ಇಪ್ಪತ್ತು ದಂಡ, ಉಳಿದದ್ದು ಇಪ್ಪತ್ತು, ಏಳರಿಂದ ಭಾಗಿಸಿದರೆ ಮೂರೂ ಬರುವುದಿಲ್ಲ. ವೇಗವನ್ನೇ ದೇವರೆಂದು ಪೂಜಿಸುವ ಆಟದಲ್ಲಿಯೂ ಗುರಿ ತಪ್ಪಿದವನಿಗೆ ಪ್ರಸಾದವಿಲ್ಲ.

ಇಷ್ಟು ತಿಳಿದ ಮೇಲೂ ಯಂತ್ರ ಬೇಕೆನಿಸಿದರೆ, ಕೊಳ್ಳುವಾಗ ನೋಡಬೇಕಾದವು ಕೆಲವಿವೆ. ಅಂಗಡಿಯ ಹೆಸರನ್ನೂ ತಯಾರಕರ ಹೆಸರನ್ನೂ ಹೇಳುವುದು ಈ ಪುಟಗಳ ಪದ್ಧತಿಯಲ್ಲ. ಲಕ್ಷಣಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಕಿವಿ. ಏರ್ ರೈಫಲ್ಲಿನ ಸದ್ದು ಕೈಚಪ್ಪಾಳೆಗಿಂತ ದೊಡ್ಡದಲ್ಲ. ಮದ್ದಿನ ಪಿಸ್ತೂಲಿನದು ಸಿಡಿಲು. ಎರಡಕ್ಕೂ ಒಂದೇ ಕಿವಿ ಸಾಲದು. ಆದುದರಿಂದ ಸೂಕ್ಷ್ಮತೆಯನ್ನು ಹೆಚ್ಚು ಕಡಿಮೆ ಮಾಡಬರುವ ಯಂತ್ರವನ್ನೇ ಕೊಳ್ಳಿ. ನಿಮ್ಮದೇ ಬಂದೂಕಿನ ಸದ್ದನ್ನು ಅದು ಹಿಡಿಯುತ್ತದೆಯೇ ಎಂದು ನೋಡದೆ ಹಣ ಎಣಿಸಬೇಡಿ.

ಎರಡನೆಯದು ಬಾಯಿ. ಮದ್ದಿನ ಬಂದೂಕಿನ ಹತ್ತಿರ ಕಿವಿಗೆ ರಕ್ಷೆ ಹಾಕಿಕೊಳ್ಳಲೇಬೇಕು. ಆ ರಕ್ಷೆಯನ್ನು ದಾಟಿ ಕೇಳುವಷ್ಟು ಅದರ ಕೂಗು ಗಟ್ಟಿಯಾಗಿರಬೇಕು.

ಮೂರನೆಯದು ತಡೆ. ಗುಂಡಿ ಒತ್ತಿದ ಕೂಡಲೇ ಕೂಗುವುದು ಒಂದು ಬಗೆ. ಎಷ್ಟು ಹೊತ್ತಿಗೆಂದು ಹೇಳಬಾರದಂತೆ, ಒಮ್ಮೆ ಒಂದೂವರೆ ಸೆಕೆಂಡಿಗೆ, ಒಮ್ಮೆ ಮೂರಕ್ಕೆ ಕೂಗುವುದು ಇನ್ನೊಂದು. ಒಬ್ಬನೇ ಅಭ್ಯಾಸ ಮಾಡುವವನಿಗೆ ಎರಡನೆಯ ಬಗೆ ಅಗತ್ಯ. ಇಲ್ಲವಾದರೆ ಮನಸ್ಸು ಕೂಗನ್ನು ಮೊದಲೇ ಊಹಿಸಿಬಿಡುತ್ತದೆ.

ನಾಲ್ಕನೆಯದು ಗಡುವು. ಮೊದಲ ಕೂಗಾಗಿ ನೀವು ಗೊತ್ತುಮಾಡಿದ ಹೊತ್ತು ಕಳೆದ ಮೇಲೆ ಎರಡನೆಯ ಕೂಗು ಬರುವ ಏರ್ಪಾಡು. ನಾಲ್ಕು ಸೆಕೆಂಡಿನ ಸರದಿಯ ಅಭ್ಯಾಸಕ್ಕೂ, ಗುಂಡಿಲ್ಲದ ಖಾಲಿ ಬಂದೂಕಿನ ಅಭ್ಯಾಸಕ್ಕೂ ಇದರಷ್ಟು ಉಪಕಾರಿ ಬೇರೊಂದಿಲ್ಲ.

ಐದನೆಯದು ನಮ್ಮ ಹವೆಗೆ ಸಂಬಂಧಿಸಿದ್ದು. ಯಾದಗಿರಿಯ ಬೇಸಗೆ ನಾಲ್ವತ್ತು ಡಿಗ್ರಿ ದಾಟುವುದು ನಿಮಗೆ ಗೊತ್ತಿದ್ದ ಸಂಗತಿ. ಬಿಸಿಲಲ್ಲಿಟ್ಟ ಯಂತ್ರದ ಗಾಜು ಕಪ್ಪಾಗಿ ಅಂಕಿ ಕಾಣದಂತಾಗುತ್ತದೆ. ಅಂಕಿಗಳು ದೊಡ್ಡವಾಗಿರಲಿ, ಬಿಸಿಲಲ್ಲಿ ಓದಬರಲಿ, ಯಂತ್ರ ನೆರಳಲ್ಲಿರಲಿ. ಬ್ಯಾಟರಿಯಾದರೂ ನಿಮ್ಮೂರ ಅಂಗಡಿಯಲ್ಲಿ ಸಿಗುವಂಥದೇ ಆಗಿರಲಿ. ಒಳಗೇ ಚಾರ್ಜ್ ಮಾಡುವ ಬಗೆಯದಾದರೆ ಕರೆಂಟು ಹೋಗುವ ವೇಳೆಯನ್ನು ನೆನಪಿನಲ್ಲಿಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿಯನ್ನು ತೆಗೆದಿಡಿ. ಅದು ಸೋರಿ ಯಂತ್ರವನ್ನು ಕೆಡಿಸಿಬಿಡುತ್ತದೆ.

ಮೊಬೈಲ್ ಫೋನಿನಲ್ಲಿಯೂ ಈ ಕೆಲಸ ಮಾಡುವ ಆ್ಯಪ್‌ಗಳಿವೆ. ಖಾಲಿ ಬಂದೂಕಿನ ಅಭ್ಯಾಸಕ್ಕೆ, ಗಡುವಿನ ಕೂಗಿಗೆ, ಅವು ಸಾಕು. ಬಡವರ ಮಕ್ಕಳು ಅಲ್ಲಿಂದಲೇ ಮೊದಲುಮಾಡಲಿ. ಆದರೆ ಫೋನಿನ ಕಿವಿ ಇರುವುದು ಮಾತು ಕೇಳಿಸಿಕೊಳ್ಳಲು. ಗುಂಡಿನ ಸಿಡಿಲಿಗೆ ಅದು ಕಕ್ಕಾಬಿಕ್ಕಿಯಾಗುವುದುಂಟು. ಅಲ್ಲದೆ ಗುರಿ ಹಿಡಿದ ಹೊತ್ತಿಗೇ ಬೀಗರ ಕರೆ ಬಂದರೆ ಗತಿಯೇನು?

ಕೊಂಡ ಮೇಲೆ ಅದನ್ನು ಎಲ್ಲಿಡಬೇಕೆಂಬುದೂ ಒಂದು ವಿದ್ಯೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಹತ್ತು ಮೀಟರು ಹಿಂದೆ ಯಂತ್ರ ಹಿಡಿದು ನಿಂತರೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡವಾಗಿ ಕೇಳಿಸುತ್ತದೆ. ಅದು ಸಣ್ಣ ದೋಷ. ದೊಡ್ಡ ದೋಷ ಮಾರ್ದನಿಯದು. ಸುರಪುರದ ಸುತ್ತಿನ ಕಲ್ಲುಗುಡ್ಡಗಳನ್ನು ನೀವು ಬಲ್ಲಿರಿ; ಅಲ್ಲಿ ಒಂದು ಕೂಗು ಹಾಕಿದರೆ ಬಂಡೆ ತಿರುಗಿ ಕೂಗುತ್ತದೆ. ಗುರಿಕಾರನಿಂದ 34 ಮೀಟರು ದೂರದಲ್ಲಿ ಬಂಡೆಯಿದ್ದರೆ ಸದ್ದು ಹೋಗಿ ಬರಲು 68 ಮೀಟರಾಯಿತು. ಅಂದರೆ ಒಂದು ಸೆಕೆಂಡಿನ ಐದನೆಯ ಒಂದು ಪಾಲು. ಯಂತ್ರ ಅದನ್ನೇ ಇನ್ನೊಂದು ಗುಂಡೆಂದು ಬರೆದುಕೊಳ್ಳುತ್ತದೆ. ಹೊಡೆದದ್ದು ಐದು, ಲೆಕ್ಕ ಹತ್ತು! ಪಕ್ಕದವನ ಬಂದೂಕಿನ ಸದ್ದನ್ನೂ ಹೀಗೆಯೇ ನಮ್ಮ ಖಾತೆಗೆ ಜಮೆಮಾಡುವುದುಂಟು. ಆದುದರಿಂದ ಯಂತ್ರವನ್ನು ಹೊಡೆಯುವವನ ಹತ್ತಿರ, ಭುಜದ ಸ್ವಲ್ಪ ಹಿಂದೆ ಹಿಡಿಯಬೇಕು. ಅದರ ಕಿವಿಯನ್ನು ಪಕ್ಕದವನಿಂದ ತಿರುಗಿಸಿರಬೇಕು. ಸೂಕ್ಷ್ಮತೆಯನ್ನು ಸದ್ದಿಗೆ ತಕ್ಕಷ್ಟೇ ಇಡಬೇಕು. ಪ್ರತಿದಿನ ಮೊದಲು ಎಣಿಸಿ ಐದು ಹೊಡೆದು, ಯಂತ್ರವೂ ಐದೆಂದೇ ಹೇಳಿದರೆ ಮಾತ್ರ ಅದನ್ನು ನಂಬಬೇಕು.

ಇಲ್ಲಿಯವರೆಗೆ ಹೇಳಿದ್ದು ಯಾರಾದರೂ ಹೇಳಬಹುದಾದ ಮಾತು. ಇನ್ನು ಹೇಳುವುದು ನನ್ನ ತಪ್ಪಿನ ಕಥೆ.

ನಮ್ಮ ಗೋದಾಮಿಗೆ ಮೊದಲ ಟೈಮರ್ ಬಂದಾಗ ನಾನು ಹೊಸ ಆಟಿಗೆ ಕಂಡ ಮಗುವಿನಂತಾದೆ. ಏರ್ ರೈಫಲ್ಲಿಗೆ ಅದು ಅಗತ್ಯವಿಲ್ಲವೆಂಬ ವಿವೇಕ ಆಗ ಇರಲಿಲ್ಲ. ಮಕ್ಕಳನ್ನು ರೈಫಲ್ ತಗ್ಗಿಸಿ ನಿಲ್ಲಿಸುವುದು. ಕೂಗಾದೊಡನೆ ಎತ್ತಿ, ಗುರಿ ಹಿಡಿದು, ಒಂದು ಗುಂಡು ಹೊಡೆಯಿಸುವುದು. ಯಾರದು ಮೊದಲೆಂದು ಕರಿಹಲಗೆಯ ಮೇಲೆ ಬರೆಯುವುದು. ಮಾಸ್ತರನ ಕೈಗೆ ಸೀಮೆಸುಣ್ಣ ಸಿಕ್ಕರೆ ಕೇಳಬೇಕೇ? ಮೇಲಿನಿಂದ ಕೆಳಗಿನವರೆಗೆ ಕ್ರಮವಾಗಿ ಹೆಸರುಗಳು. ಮೂರು ವಾರದಲ್ಲಿ ಎಲ್ಲರ ಹೊತ್ತೂ ಇಳಿಯಿತು. ಅದೇ ಮೂರು ವಾರದಲ್ಲಿ ಗುರಿಕಾಗದದ ಮೇಲಿನ ತೂತುಗಳೂ ಚದರಿದವು. ಮೊದಲು ಎಂಟಾಣೆ ನಾಣ್ಯದಲ್ಲಿ ಮುಚ್ಚಬಹುದಾಗಿದ್ದ ಗುಂಪು ಅಂಗೈಯಗಲವಾಯಿತು. ಅದು ನನಗೆ ಕಾಣಲಿಲ್ಲವೆಂದಲ್ಲ. ಕಂಡರೂ ಹಲಗೆಯ ಮೇಲಿನ ಅಂಕಿಯೇ ಕಣ್ಣು ತುಂಬಿತ್ತು.

ಒಬ್ಬ ಹುಡುಗಿ ಮಾತ್ರ ಚುರುಕಾಗಲಿಲ್ಲ. ಕೂಗಾದ ಮೇಲೂ ಅವಳು ಒಮ್ಮೆ ಮುಂದೆ ನೋಡುವಳು, ಉಸಿರು ಬಿಡುವಳು, ಆಮೇಲೆ ಎತ್ತುವಳು. ಹಲಗೆಯ ಮೇಲೆ ಅವಳ ಹೆಸರು ಯಾವಾಗಲೂ ಕೊನೆಯದು. "ಎಚ್ಚರ ಇರಲವ್ವಾ, ನಿದ್ದಿ ಹತ್ತೇದೇನು?" ಎಂದು ಎಲ್ಲರೆದುರು ಹಾಸ್ಯ ಮಾಡಿದ್ದೆ.

ಒಂದು ಸಂಜೆ ಖಾಲಿ ಅಭ್ಯಾಸವೆಂದು ಹೇಳಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ್ದೆ. ಗುರಿಕಾಗದ ಅಂಟಿಸಲು ಒಬ್ಬ ಹುಡುಗ ಮುಂದೆ ಹೋಗಿದ್ದ. ಅಷ್ಟರಲ್ಲಿ ಯಾರೋ ಒಬ್ಬ ಪಾಲಕರು ಬಂದು ಯಂತ್ರ ಹೇಗೆ ನಡೆಯುತ್ತದೆಂದು ಕೇಳಿದರು. ಅವರಿಗೆ ತೋರಿಸುವ ಉತ್ಸಾಹದಲ್ಲಿ ನಾನು ಗುಂಡಿ ಒತ್ತಿಬಿಟ್ಟೆ. ಕೂಡಲೇ ಕೂಗಿದ್ದರೆ ನನಗೂ ಎಚ್ಚರವಾಗುತ್ತಿತ್ತೇನೋ. ಅದು ತಡೆದು ಕೂಗುವ ಏರ್ಪಾಡಿನಲ್ಲಿತ್ತು. ನಾನು ಮಾತಿನಲ್ಲಿದ್ದೆ. ಎರಡೋ ಮೂರೋ ಸೆಕೆಂಡಾದ ಮೇಲೆ 'ಪೀಂ' ಎಂದಿತು. ಸಾಲಿನ ಮೊದಲಿಗಳಾಗಿ ನಿಂತವಳು ಆ ಹುಡುಗಿಯೇ. ರೈಫಲ್ ಅವಳ ಭುಜದವರೆಗೆ ಅರ್ಧ ಬಂದಿತ್ತು. ನಿಂತಿತು. ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಕೊಳವೆಯನ್ನು ಕಾಲಮುಂದಿನ ಮರಳಿನ ಚೀಲಕ್ಕೆ ತಿರುಗಿಸಿ, ಅವಳು ನನ್ನ ಕಡೆ ನೋಡಿದಳು.

"ಸರ, ಪೀಂ ಅಂತು ಖರೆ. ಮುಂದ ಹುಡುಗ ಇದ್ದಾನಲ್ಲರಿ."

ಕಾಗದ ಅಂಟಿಸುತ್ತಿದ್ದ ಹುಡುಗನಿಗೆ ಏನೂ ಗೊತ್ತಾಗಲಿಲ್ಲ. ಅವನು ನಾಲ್ಕನೆಯ ಮೂಲೆಗೆ ಅಂಟು ಹಚ್ಚುತ್ತಿದ್ದ. ನಾನು ಹೋಗಿ ಸಾಲಿನ ರೈಫಲ್ಲುಗಳನ್ನೆಲ್ಲ ತೆರೆದು ನೋಡಿದೆ. ಖಾಲಿಯೆಂದು ನಾನು ಹೇಳಿದ್ದವುಗಳಲ್ಲಿ ಒಂದು ಖಾಲಿಯಿರಲಿಲ್ಲ. ಹಿಂದಿನ ಸರದಿಯ ಪೆಲೆಟ್ ಒಳಗೇ ಉಳಿದಿತ್ತು. ಅದು ಅವಳ ಕೈಯಲ್ಲಿದ್ದ ರೈಫಲ್ಲು.

ಶಬ್ದವೇಧಿಯ ಕಥೆಯನ್ನು ಎಷ್ಟು ವರ್ಷ ತರಗತಿಯಲ್ಲಿ ಹೇಳಿದ್ದೆನೋ ಲೆಕ್ಕವಿಲ್ಲ. ಕತ್ತಲಲ್ಲಿ ಸರಯೂ ನದಿಯ ದಡದಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದು ದಶರಥ ಬಾಣ ಬಿಟ್ಟ. ಕಿವಿಗೆ ಸರಿಯಾಗಿ ಕೇಳಿತ್ತು, ಕೈ ಚುರುಕಾಗಿತ್ತು, ಬಾಣ ನೆಟ್ಟಗೆ ಹೋಯಿತು. ಸತ್ತವನು ಮುಪ್ಪಿನ ತಂದೆತಾಯಿಗಳ ಒಬ್ಬನೇ ಮಗ. ವಿದ್ಯೆಯಲ್ಲಿ ಕೊರತೆ ಇರಲಿಲ್ಲ. ಹೊಡೆಯುವ ಮೊದಲು ನೋಡುವ ತಾಳ್ಮೆಯಲ್ಲಿತ್ತು. ಆ ಕಥೆ ಹೇಳಿ ಹುಡುಗರ ಕಣ್ಣಲ್ಲಿ ನೀರು ತರಿಸುತ್ತಿದ್ದ ನಾನೇ, ಸಂಜೆ ಅದೇ ಹುಡುಗರಿಗೆ ನೋಡದೆ ಸದ್ದಿಗೆ ಹೊಡೆಯುವುದನ್ನು ಕಲಿಸುತ್ತಿದ್ದೆ. ಚೆನ್ನಾಗಿ ಕಲಿತವರ ಹೆಸರನ್ನು ಹಲಗೆಯ ಮೇಲೆ ಮೇಲಕ್ಕೆ ಬರೆಯುತ್ತಿದ್ದೆ. ಅಂದು ಹಲಗೆಯನ್ನು ಒರೆಸಿದೆ. ಆ ಹುಡುಗಿಗೆ ಎಲ್ಲರೆದುರು ಕ್ಷಮೆ ಕೇಳಿದೆ. ಅವಳು ತಲೆ ತಗ್ಗಿಸಿ ನಕ್ಕಳೇ ಹೊರತು ಏನೂ ಹೇಳಲಿಲ್ಲ.

ಅಲ್ಲಿಂದ ನಮ್ಮ ಗೋದಾಮಿನಲ್ಲಿ ಕೆಲವು ಕಟ್ಟಳೆಗಳಿವೆ. ನೀವೂ ಬೇಕಾದರೆ ಬರೆದುಕೊಳ್ಳಬಹುದು.

ಯಂತ್ರ ಹಿಡಿದವನು ಗುಂಡಿ ಒತ್ತುವ ಮೊದಲು ಗುರಿಹಲಗೆಯವರೆಗೆ ಕಣ್ಣಾರೆ ನೋಡಿ, 'ಮುಂದೆ ಯಾರೂ ಇಲ್ಲ' ಎಂದು ಬಾಯಿಬಿಟ್ಟು ಹೇಳತಕ್ಕದ್ದು. ಸಾಲಿನವರು ಅದನ್ನು ತಿರುಗಿ ಹೇಳತಕ್ಕದ್ದು. ಯಾರಾದರೂ ಮುಂದೆ ಹೋಗುವುದಿದ್ದರೆ ಎಲ್ಲ ರೈಫಲ್ಲುಗಳೂ ತೆರೆದು ಕೆಳಗಿರಬೇಕು, ಯಂತ್ರ ಕಿಸೆಯಲ್ಲಿರಬೇಕು. ಖಾಲಿ ಅಭ್ಯಾಸಕ್ಕೆ ಮೊದಲು ಒಬ್ಬರ ಬಂದೂಕನ್ನು ಇನ್ನೊಬ್ಬರು ನೋಡಬೇಕು. ಕೂಗಾದರೂ ಹೊಡೆಯದೆ ಇರುವ ಹಕ್ಕು ಹೊಡೆಯುವವನಿಗೆ ಸದಾ ಉಂಟು. ಹೊಡೆಯದೆ ಇಳಿಸಿದವನನ್ನು ಏಕೆಂದು ಗದರಿಸಬಾರದು. ಈ ಕಡೆಯ ಕಟ್ಟಳೆಯನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ.

ಅಭ್ಯಾಸದ ಕ್ರಮವೂ ಬದಲಾಯಿತು. ಹೊಸಬನಿಗೆ ಮೊದಲ ಎರಡು ತಿಂಗಳು ಯಂತ್ರ ಕೊಡುವುದಿಲ್ಲ. ತೂತುಗಳ ಗುಂಪು ಚಿಕ್ಕದಾಗುವುದೊಂದೇ ಕೆಲಸ. ಆಮೇಲೆ ಯಂತ್ರವನ್ನು ಹಿಂದೆ ಇಟ್ಟು, ಅವನಿಗೆ ಹೇಳದೆ, ಅವನ ಸಹಜವಾದ ಹೊತ್ತನ್ನು ಬರೆದುಕೊಳ್ಳುತ್ತೇನೆ. ಈ ಲೆಕ್ಕದಿಂದ ನನಗೊಂದು ತಿಳಿವಳಿಕೆ ಬಂತು. ಏರ್ ರೈಫಲ್ಲಿನ ನಮ್ಮ ಮಕ್ಕಳ ದೋಷ ಬಹುಮಟ್ಟಿಗೆ ತಡವಾಗಿ ಹೊಡೆಯುವುದು. ಗುರಿ ಕೂಡಿದ ಮೇಲೂ ಇನ್ನಷ್ಟು ಚೆನ್ನಾಗಲೆಂದು ಹಿಡಿದೇ ಇರುತ್ತಾರೆ. ಉಸಿರು ಕಟ್ಟುತ್ತದೆ, ಕಣ್ಣು ದಣಿಯುತ್ತದೆ, ಕೈ ನಡುಗುತ್ತದೆ, ಆಗ ಹೊಡೆಯುತ್ತಾರೆ. ಅಂಥವರಿಗೆ ಗಡುವಿನ ಕೂಗನ್ನು ಹತ್ತು ಸೆಕೆಂಡಿಗೆ ಇಟ್ಟಿದ್ದೇನೆ. ಅದು ಹೊಡೆಯೆಂಬ ಅಪ್ಪಣೆಯಲ್ಲ, ಇಳಿಸೆಂಬ ಅಪ್ಪಣೆ. ಕೂಗಿನೊಳಗೆ ಹೊಡೆಯಲಾಗದಿದ್ದರೆ ರೈಫಲ್ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಮೊದಲಿನಿಂದ. ಗುಂಡೊಂದಕ್ಕೆ 75 ಸೆಕೆಂಡಿರುವಾಗ ಎರಡು ಸಾರಿ ಇಳಿಸಿದರೂ ನಷ್ಟವಿಲ್ಲ. ಈ ಬಗೆಗೆ ಬಳಸಿದಾಗ ಮಾತ್ರ ನಮ್ಮ ಯಂತ್ರ ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸಿತು.

ಪಿಸ್ತೂಲಿನವರಿಗೂ ಇದೇ ಮಾತು, ಸ್ವಲ್ಪ ಬೇರೆ ಲೆಕ್ಕದಲ್ಲಿ. ಹತ್ತರಲ್ಲಿ ಒಂಬತ್ತು ಗುಂಡು ಎಣಿಸಿದ ವೃತ್ತದೊಳಗೆ ಬೀಳುವವರೆಗೆ ಗಡುವನ್ನು ಕಡಿಮೆ ಮಾಡಬೇಡಿ. ಬಿದ್ದ ಮೇಲೂ ಒಮ್ಮೆಗೆ ಸೆಕೆಂಡಿನ ಹತ್ತನೆಯ ಒಂದು ಪಾಲನ್ನಷ್ಟೇ ಕಡಿಮೆ ಮಾಡಿ. ತಪ್ಪು ಹೆಚ್ಚಾದರೆ ನಾಚದೆ ಹಿಂದಕ್ಕೆ ಹೋಗಿ. ಒಂದು ನೋಟುಪುಸ್ತಕವಿರಲಿ. ಒಂದು ಸಾಲಿನಲ್ಲಿ ದಿನ, ದೂರ, ಮೊದಲ ಗುಂಡಿನ ಹೊತ್ತು, ಕೊನೆಯದರ ಹೊತ್ತು, ಬಿದ್ದ ಪೆಟ್ಟು ಎಂಬ ಐದನ್ನೂ ಬರೆಯಿರಿ. ಹೊತ್ತನ್ನೊಂದೇ ಬರೆಯುವ ಪುಸ್ತಕ ಸುಳ್ಳು ಸಾಕ್ಷಿ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮದ್ದಿನ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಏರ್ ರೈಫಲ್ಲಿಗೂ ನಿಯಮಗಳುಂಟು. ಕೊಳ್ಳುವ ಮೊದಲೇ ಠಾಣೆಯಲ್ಲಿ ವಿಚಾರಿಸಿರಿ. ಬೋನಾಳದ ಕೆರೆಗೆ ಬರುವ ಹಕ್ಕಿಗಳನ್ನು ಗುರಿಹಲಗೆಯೆಂದು ತಿಳಿಯುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಅಂಥವರಿಗೆ ನಮ್ಮ ಗೋದಾಮಿನ ಬಾಗಿಲು ಮುಚ್ಚಿದೆ.

ಇನ್ನು ಆ ಸುರಪುರದ ಹಿರಿಯರ ಮಾತು ಉಳಿಯಿತು. ಗುರಿ ರಕ್ತದಲ್ಲಿದೆ, ವೇಗವೊಂದು ಸಾಕು ಎಂದರಲ್ಲ. ಅವರ ಅಭಿಮಾನಕ್ಕೆ ಆಧಾರವಿಲ್ಲದಿಲ್ಲ. 1705ರಲ್ಲಿ ಔರಂಗಜೇಬ ಬಾದಶಹ ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ ಸ್ವತಃ ದಂಡೆತ್ತಿ ಬಂದು ಮುತ್ತಿದ್ದು ಸುರಪುರದ ಹತ್ತಿರದ ವಾಗಣಗೇರಾ ಕೋಟೆಯನ್ನು. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಅಷ್ಟು ದೊಡ್ಡ ಸೇನೆಯನ್ನು ತಿಂಗಳುಗಟ್ಟಲೆ ತಡೆದವರು ಪಿಡ್ಡನಾಯಕನ ಬೇಡರು; ಬಂದೂಕಿನ ಗುರಿಗೆ ಅವರು ಹೆಸರಾಗಿದ್ದರೆಂಬುದನ್ನು ಆ ಕಾಲದ ಇತಿಹಾಸ ಬರೆದವರು ಹೇಳುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಆಜ್ಞೆ ಬಂದಾಗ ಅದನ್ನು ಧಿಕ್ಕರಿಸಿ ಎದ್ದವರು ಹಲಗಲಿಯ ಬೇಡರು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಮೇಲೆ ಎದ್ದಾಗ ಜೊತೆಗೆ ನಿಂತವರೂ ಬೇಡರೇ.

ಆದರೆ ವಾಗಣಗೇರಾದ ಬಂದೂಕು ಎಂಥದು? ಬತ್ತಿ ಹಚ್ಚಿ ಹಾರಿಸುವ ಬಂದೂಕು. ಮದ್ದು ಅಳೆದು ಸುರಿಯಬೇಕು; ಗುಂಡು ಇಳಿಬಿಡಬೇಕು; ಗಜದಿಂದ ಗಿಡಿಯಬೇಕು; ಕಿವಿಗೆ ರಂಜಕ ಹಾಕಬೇಕು; ಬತ್ತಿಯ ಕೆಂಡ ಊದಿಕೊಳ್ಳಬೇಕು. ನುರಿತ ಕೈಗೂ ಇದು ಅರ್ಧ ನಿಮಿಷಕ್ಕೆ ಕಡಿಮೆಯ ಕೆಲಸವಲ್ಲ. ಒಂದು ಗುಂಡು ತಪ್ಪಿದರೆ ಎದುರಾಳಿ ಅಷ್ಟರಲ್ಲಿ ಮೈಮೇಲೆ ಬಂದಿರುತ್ತಾನೆ. ಹೀಗಿರುವಾಗ ಆ ಗುರಿಕಾರನ ಹೆಚ್ಚುಗಾರಿಕೆ ಇದ್ದುದು ಎಲ್ಲಿ? ಬೇಗ ಹೊಡೆಯುವುದರಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಬಂಡೆಯ ಮರೆಯಲ್ಲಿ ಕುಳಿತು, ಇನ್ನೂ ಹತ್ತಿರ ಬರಲಿ, ಇನ್ನೂ ಸ್ಪಷ್ಟವಾಗಲಿ ಎಂದು ಕಾಯುವುದರಲ್ಲಿತ್ತು. ಬೇಡರ ನೆಲದಿಂದ ಬಂದ ಗುಣ ಯಾವುದಾದರೂ ಇದ್ದರೆ ಅದು ಈ ಕಾಯುವ ಗುಣವೇ ಇರಬೇಕೆಂದು ನಾನು ಆ ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಮೊದಲ ಗುರಿ ಕಲೀಲಿ ಬಿಡ್ರಿ, ಟೈಮರ್ ಮುಂದಿನ ವರ್ಷ ನೋಡೂಣು" ಎಂದರು.

ನಿಮಗೂ ನನ್ನ ಸಲಹೆ ಅದೇ. ಮೊದಲು ಗುರಿ ಕಲಿಯಲಿ. ಆಟಕ್ಕೆ ಅಗತ್ಯವೆಂದು ಕಂಡರೆ ಆಮೇಲೆ ಯಂತ್ರ ಕೊಡಿಸಿ. ಮೇಲೆ ಹೇಳಿದ ಲಕ್ಷಣಗಳನ್ನು ನೋಡಿ ಕೊಡಿಸಿ. ಹಿಂದೆ ಗುರು, ಮುಂದೆ ಗುರಿ ಎಂಬ ಗಾದೆಯನ್ನು ನೀವು ಕೇಳಿಯೇ ಇದ್ದೀರಿ. ಗಡಿಯಾರದ ಜಾಗವೂ ಗುರುವಿನ ಪಕ್ಕದಲ್ಲಿ, ಹಿಂದೆ. ಅದನ್ನು ಮಗುವಿನ ಕಣ್ಣಮುಂದೆ ತಂದಿಟ್ಟರೆ ಗುರಿ ಮರೆಯಾಗುತ್ತದೆ.

ಆ ಹುಡುಗಿ ಈಗಲೂ ನಮ್ಮಲ್ಲಿಗೆ ಬರುತ್ತಾಳೆ. ಈ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಯಂತ್ರದ ಗುಂಡಿ ಒತ್ತುವ ಕೆಲಸವನ್ನು ಅವಳಿಗೇ ವಹಿಸಿದ್ದೇನೆ. ಒತ್ತುವ ಮೊದಲು ಅವಳು ಒಮ್ಮೆ ಮುಂದೆ ನೋಡುತ್ತಾಳೆ, ಉಸಿರು ಬಿಡುತ್ತಾಳೆ. ಅವಸರಿಸುವ ಧೈರ್ಯ ನನಗಿಲ್ಲ.